ಕೊಟ್ಟ ಬಿಂದುವಿನ ಮೂಲಕ ಒಂದು ಸಾಲು

ಪಿಯುಸಿ ಮೊದಲ ವರ್ಷದ ಗಣಿತದಲ್ಲಿ ‘ಸರಳರೇಖೆಗಳು’ ಎಂಬ ಒಂದು ಅಧ್ಯಾಯವಿದೆ. ಪರೀಕ್ಷೆಯಲ್ಲಿ ಆಗಾಗ ಬರುವ ಒಂದು ಪ್ರಶ್ನೆ ಅದರೊಳಗಿದೆ: ‘ಕೊಟ್ಟಿರುವ ರೇಖೆಗೆ ಸಮಾಂತರವಾಗಿದ್ದು, ಕೊಟ್ಟಿರುವ ಬಿಂದುವಿನ ಮೂಲಕ ಹಾದುಹೋಗುವ ರೇಖೆಯ ಸಮೀಕರಣವನ್ನು ಕಂಡುಹಿಡಿಯಿರಿ.’ ಉತ್ತರ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಗಣಿತದಲ್ಲಿ ಹಿಂದುಳಿದವರೂ ಇದನ್ನು ಬಾಯಿಪಾಠ ಮಾಡಿ ಅಂಕ ಗಳಿಸಬಹುದು ಎಂದು ನಾವು ಉಪನ್ಯಾಸಕರು ತರಗತಿಯಲ್ಲಿ ಧೈರ್ಯ ಹೇಳುತ್ತಿದ್ದೆವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವೆ ವರ್ಗವಾಗುತ್ತ ಮೂರು ದಶಕ ಗಣಿತ ಕಲಿಸಿದ ನಾನೂ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತು ಎಷ್ಟು ಪೊಳ್ಳು ಎಂಬುದನ್ನು ನನಗೆ ತಿಳಿಸಿದವಳು ಇಳಕಲ್ಲಿನ ನೇಕಾರರ ಮನೆಯ ಒಬ್ಬ ಹುಡುಗಿ.

ಇದು ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು ವಿಜ್ಞಾನ ವಿಭಾಗಕ್ಕೆ ಬಂದಿದ್ದಳು. ನಮ್ಮ ಕಡೆಯ ಕಾಲೇಜುಗಳಲ್ಲಿ ವಿಜ್ಞಾನವೆಂದರೆ ಇಂಗ್ಲಿಷು. ಒಂದೇ ಬೇಸಿಗೆಯ ರಜೆಯಲ್ಲಿ ಮಕ್ಕಳ ಎಲ್ಲ ಪದಗಳೂ ಬದಲಾಗಿಬಿಡುತ್ತವೆ. ನಾನು ಕಪ್ಪುಹಲಗೆಯ ಮೇಲೆ ‘ಎಕ್ಸ್ = 4 ಎಂಬ ರೇಖೆಗೆ ಸಮಾಂತರವಾಗಿ (7, 2) ಬಿಂದುವಿನ ಮೂಲಕ ಹಾದುಹೋಗುವ ರೇಖೆ ಯಾವುದು?’ ಎಂದು ಬರೆದೆ. ಅವಳು ಎದ್ದು ನಿಂತು, ‘ಸರ್, ಇದಕ್ಕ ಸ್ಲೋಪ್ ಎಷ್ಟಂತ ಬರೀಬೇಕ್ರಿ?’ ಎಂದು ಕೇಳಿದಳು. ಅದು ಆ ಪಾಠದಲ್ಲಿ ಯಾರಾದರೂ ಕೇಳಬಹುದಾದ ಅತ್ಯುತ್ತಮ ಪ್ರಶ್ನೆಯಾಗಿತ್ತು. ಸಿಲೆಬಸ್ ಮುಗಿಸುವ ಅವಸರದಲ್ಲಿದ್ದ ನಾನು, ‘ಇಷ್ಟೂ ಗೊತ್ತಾಗದವರು ಸೈನ್ಸಿಗೆ ಯಾಕೆ ಬರಬೇಕು?’ ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ಕುಳಿತಳು. ಆ ವರ್ಷ ಗಣಿತದಲ್ಲಿ ಅನುತ್ತೀರ್ಣಳಾದಳು. ಆಮೇಲೆ ಕಾಲೇಜಿನ ಕಡೆ ಬರಲಿಲ್ಲ.

ಆ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ವಿವರವಾಗಿ ಹೇಳಬೇಕೆನ್ನಿಸುತ್ತಿದೆ. ಅದಕ್ಕೆ ಮೊದಲು ನನ್ನ ಸ್ವಂತ ಊರಿನ ಕಡೆ ಹೋಗಬೇಕು.

ನಾನು ಹುಟ್ಟಿದ್ದು ಹುನಗುಂದ ಸೀಮೆಯ ಎರೆಹೊಲದ ನಾಡಿನಲ್ಲಿ. ಹಿಂಗಾರಿ ಬಿಳಿಜೋಳದ ಬಿತ್ತನೆ ಬಂದರೆ ನಮ್ಮ ಮನೆಯಲ್ಲಿ ಕೂರಿಗೆಯೇ ದೇವರು. ದಿಂಡಿಗೆ ಜಡಿದ ತಾಳುಗಳ ನಡುವಿನ ಅಂತರ ಎಂದೂ ಬದಲಾಗದು. ಎತ್ತು ಎತ್ತ ಹೋದರೂ ಅವು ಎಳೆಯುವ ಸಾಲುಗಳು ತಮ್ಮತಮ್ಮಲ್ಲಿ ಸಮಾಂತರವೇ. ಕಷ್ಟವಿರುವುದು ಹೊಲದ ಅಂಚಿಗೆ ಹೋಗಿ ಮರಳುವಾಗ. ಹಿಂದಿನ ಸುತ್ತಿನ ಕೊನೆಯ ಸಾಲಿನಿಂದ ಒಂದೂವರೆ ಅಡಿ ಬಿಟ್ಟು ತಾಳು ಊರಬೇಕು. ಅಲ್ಲಿಂದ ಹೊರಟ ಸಾಲು ಹಿಂದಿನ ಸಾಲಿನ ದಿಕ್ಕನ್ನೇ ಹಿಡಿಯಬೇಕು. ಮೊದಲ ಸಲ ಕೂರಿಗೆ ಹಿಡಿದಾಗ ಅಪ್ಪ ಹೇಳಿದ್ದು ಒಂದೇ ಮಾತು: ‘ಕಣ್ಣು ಎತ್ತಿನ ಕಾಲಾಗ ಇಡಬ್ಯಾಡ, ಹಿಂದಿನ ಸಾಲಿನಾಗ ಇಡು.’

ಪಠ್ಯಪುಸ್ತಕದ ಪ್ರಶ್ನೆ ಇದೇ ಅಲ್ಲವೇ? ಹಿಂದಿನ ಸಾಲು ಕೊಟ್ಟಿರುವ ರೇಖೆ. ತಾಳು ಊರಿದ ಜಾಗ ಕೊಟ್ಟಿರುವ ಬಿಂದು. ದಿಕ್ಕನ್ನು ರೇಖೆಯಿಂದ ಪಡೆಯಬೇಕು, ನೆಲೆಯನ್ನು ಬಿಂದುವಿನಿಂದ ಪಡೆಯಬೇಕು. ದಿಕ್ಕು ಸ್ವಲ್ಪ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹತ್ತು ಅಡಿಗೆ ಎರಡು ಅಂಗುಲದಂತೆ ಸಾಲು ಒಳಕ್ಕೆ ವಾಲಿತೆನ್ನಿ. ಒಂದೂವರೆ ಅಡಿಯೆಂದರೆ 18 ಅಂಗುಲ. ತೊಂಬತ್ತು ಅಡಿ ಹೋಗುವಷ್ಟರಲ್ಲಿ ಹೊಸ ಸಾಲು ಹಳೆಯ ಸಾಲಿನ ಮೇಲೆಯೇ ಬಿದ್ದಿರುತ್ತದೆ. ಬಿತ್ತುವ ದಿನ ಈ ತಪ್ಪು ಯಾರಿಗೂ ಕಾಣುವುದಿಲ್ಲ. ಜೋಳ ಮೊಳಕಾಲೆತ್ತರ ಬಂದು, ಕಳೆ ತೆಗೆಯಲು ಎಡೆಕುಂಟೆ ಹೂಡಿದಾಗ ಕುಂಟೆಯ ಕುಡ ಬೆಳೆಯನ್ನೇ ಕೊಯ್ದುಹಾಕುತ್ತದೆ. ಸಮಾಂತರವೆಂಬುದು ನಮ್ಮ ಕಡೆ ಅಂದಚೆಂದದ ಮಾತಲ್ಲ, ವರ್ಷದ ರೊಟ್ಟಿಯ ಮಾತು.

ಇದನ್ನೇ ಬೀಜಗಣಿತಕ್ಕೆ ತಂದರೆ ಹೀಗೆ. ‘ವೈ = 2 ಎಕ್ಸ್ + 3’ ಎಂಬ ರೇಖೆಯನ್ನು ತೆಗೆದುಕೊಳ್ಳೋಣ. ಇಲ್ಲಿ ಎಕ್ಸ್ ಎಂದರೆ ಬಲಕ್ಕೆ ಎಷ್ಟು ಹೆಜ್ಜೆ, ವೈ ಎಂದರೆ ಮೇಲಕ್ಕೆ ಎಷ್ಟು ಹೆಜ್ಜೆ. 2 ಎಂಬ ಸಂಖ್ಯೆಯೇ ಇಳಿಜಾರು. ಇಂಗ್ಲಿಷಿನ ‘ಸ್ಲೋಪ್’, ಪುಸ್ತಕದ ಕನ್ನಡದಲ್ಲಿ ‘ಪ್ರವಣತೆ’. ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ಮೇಲಕ್ಕೆ ಎರಡು ಹೆಜ್ಜೆ ಏರಬೇಕು ಎಂಬುದಷ್ಟೇ ಅದರ ಅರ್ಥ. ಇನ್ನು 3 ಎಂಬುದು ರೇಖೆ ಎಲ್ಲಿಂದ ಹೊರಟಿತೆಂಬುದನ್ನು ಹೇಳುತ್ತದೆ. ಈಗ (1, 7) ಎಂಬ ಬಿಂದುವಿನ ಮೂಲಕ ಸಮಾಂತರ ರೇಖೆ ಬೇಕು. ದಿಕ್ಕು ಬದಲಾಗಕೂಡದು, ಆದ್ದರಿಂದ 2 ಹಾಗೆಯೇ ಇರಲಿ. ಹೊರಡುವ ಜಾಗ ಬೇರೆ. ಆದ್ದರಿಂದ 3ನ್ನು ಅಳಿಸಿ ಅಲ್ಲಿ ಖಾಲಿ ಬಿಡೋಣ. ಬಿಂದುವಿನ ಬೆಲೆಗಳನ್ನು ಹಾಕಿದರೆ 7 = 2 × 1 + ಖಾಲಿ. ಖಾಲಿಯಲ್ಲಿ ಬರುವುದು 5. ಬೇಕಾದ ರೇಖೆ ‘ವೈ = 2 ಎಕ್ಸ್ + 5’. ಲೆಕ್ಕ ಸರಿಯೋ ತಪ್ಪೋ ಎಂದು ಮೇಷ್ಟರನ್ನು ಕೇಳಬೇಕಾಗಿಲ್ಲ; ಎಕ್ಸ್‌ಗೆ 1 ಹಾಕಿದರೆ ವೈ 7 ಬರುತ್ತದೆಯೇ ಎಂದು ನೋಡಿದರೆ ಸಾಕು.

ಸಂಖ್ಯೆಯನ್ನೂ ರೇಖೆಯನ್ನೂ ಹೀಗೆ ಬೆಸೆದ ಕೀರ್ತಿಯಲ್ಲಿ ದೊಡ್ಡ ಪಾಲು 1637ರಲ್ಲಿ ತನ್ನ ರೇಖಾಗಣಿತದ ಕೃತಿಯನ್ನು ಪ್ರಕಟಿಸಿದ ಫ್ರಾನ್ಸಿನ ರೆನೆ ದೆಕಾರ್ತ್‌ಗೆ ಸಲ್ಲುತ್ತದೆ. ಈ ಪ್ರಶ್ನೆಯ ಒಳಗಿನ ವಿಚಾರ ಮಾತ್ರ ಕೂರಿಗೆ ಹಿಡಿದವರಿಗೆಲ್ಲ ಗೊತ್ತಿರುವಂಥದ್ದು: ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬದಲಿಸಬೇಕು? ನಾವು ತರಗತಿಯಲ್ಲಿ ಕೇಳದೆ ಬಿಡುವುದು ಈ ಪ್ರಶ್ನೆಯನ್ನೇ. ನೇರವಾಗಿ ಸೂತ್ರ ಬರೆಯಿಸುತ್ತೇವೆ. ಸೂತ್ರ ಕೈಕೊಡುವ ಒಂದು ಸಂದರ್ಭ ಎದುರಾದಾಗ ಮಗುವಿಗೆ ಹಿಡಿಯಲು ಏನೂ ಇರುವುದಿಲ್ಲ.

ಇಳಕಲ್ಲಿನ ಹುಡುಗಿಗೆ ಎದುರಾದದ್ದು ಅಂಥ ಸಂದರ್ಭ. ‘ಎಕ್ಸ್ = 4’ ಎಂಬುದು ನೇರ ಮೇಲಕ್ಕೆ ಹೋಗುವ ರೇಖೆ. ಅದರ ಮೇಲೆ ನಡೆಯುವವನು ಬಲಕ್ಕೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಇಳಿಜಾರು ಬೇಕೆಂದರೆ ಮೇಲೇರಿದ್ದನ್ನು ಬಲಕ್ಕೆ ಸರಿದದ್ದರಿಂದ ಭಾಗಿಸಬೇಕು. ಬಲಕ್ಕೆ ಸರಿದದ್ದು ಸೊನ್ನೆ. ಸೊನ್ನೆಯಿಂದ ಭಾಗಿಸುವಂತಿಲ್ಲ. ಅಂದರೆ ಈ ರೇಖೆಗೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲ. ಆ ಹುಡುಗಿ ಕೇಳಿದ್ದು ಇದನ್ನೇ. ಇಲ್ಲದ ಸಂಖ್ಯೆಯನ್ನು ಏನೆಂದು ಬರೆಯಲಿ ಎಂದು ಅವಳು ಕೇಳಿದರೆ, ನಾನು ಅವಳನ್ನು ದಡ್ಡಿಯೆಂದೆ.

ಫಲಿತಾಂಶ ಬಂದ ಕೆಲವು ದಿನಗಳ ಮೇಲೆ, ಮರುಪರೀಕ್ಷೆಗೆ ಅರ್ಜಿ ಹಾಕಿಸೋಣವೆಂದು ಅವಳ ಮನೆ ಹುಡುಕಿಕೊಂಡು ಹೋದೆ. ಮನಸ್ಸಿನ ಚುಚ್ಚುವಿಕೆಯೂ ಕಾರಣವಾಗಿತ್ತೆಂದು ಒಪ್ಪಿಕೊಳ್ಳಬೇಕು. ಮನೆಯ ನಡುವೆ ಕುಣಿಮಗ್ಗ. ತಂದೆ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ‘ಬರ್ರಿ ಸರ್, ಕುಂದರ್ರಿ’ ಎಂದ ತಾಯಿ ಚಹಾಕ್ಕೆ ನೀರಿಟ್ಟರು. ಅಷ್ಟರಲ್ಲಿ ಹಾಸಿನ ಒಂದು ಎಳೆ ಹರಿಯಿತು. ಲಾಳಿ ನಿಂತಿತು. ಹುಡುಗಿ ಮಗ್ಗದ ಪಕ್ಕಕ್ಕೆ ಬಂದು, ಹೊಸ ನೂಲನ್ನು ಗಂಟು ಹಾಕಿ, ಹಣಿಗೆಯಲ್ಲಿ ಖಾಲಿಯಾಗಿದ್ದ ಸಂದಿನೊಳಗೆ ತೂರಿಸಿ, ಮುಂದಕ್ಕೆಳೆದು ಬಿಗಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಪಕ್ಕದ ಸಂದಿನಲ್ಲಿ ತೂರಿಸಿದರೆ ಏನಾಗುತ್ತದೆ ಎಂದು ಕೇಳಿದೆ. ‘ಬ್ಯಾರೆ ಸಂದಿಗೆ ಹೋತಂದ್ರ ಸೀರಿ ತುದಿತನಕ ಕೆಡತೈತ್ರಿ ಸರ್’ ಎಂದವರು ಅವಳ ತಂದೆ.

ನನಗೆ ಆ ಕ್ಷಣಕ್ಕೆ ಕಪ್ಪುಹಲಗೆಯ ಪ್ರಶ್ನೆ ನೆನಪಾಯಿತು. ‘ತಂಗಿ, ಈ ಅಂಚಿನಿಂದ ಎಣಿಸಿದರೆ ನಾಲ್ಕನೇ ಸಂದಿನ ಎಳೆ ಯಾವುದು?’ ಎಂದೆ. ತೋರಿಸಿದಳು. ‘ಅದಕ್ಕೆ ಸಮಾಂತರವಾಗಿ, ಏಳನೇ ಸಂದಿನಲ್ಲಿ ಹಾಯುವ ಎಳೆ?’ ಅದನ್ನೂ ತೋರಿಸಿದಳು. ‘ಆ ಎಳೆಯ ವಿಳಾಸ ಹೇಳಬೇಕೆಂದರೆ ಏನು ಹೇಳುತ್ತಿ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏಳನೇದು ಅಂದ್ರ ಸಾಕಲ್ರಿ ಸರ್’ ಎಂದಳು. ‘ಹಾಗಾದರೆ (7, 2) ಎಂಬಲ್ಲಿ ಆ 2 ಯಾತಕ್ಕೆ?’ ಎಂದು ಕೇಳಿದೆ. ‘ಅದು ಎಳಿ ಮ್ಯಾಲೆ ಎಷ್ಟು ದೂರ ಅಂತ. ಎಳಿ ಯಾವುದಂತ ಹೇಳಾಕ ಅದು ಬ್ಯಾಡ್ರಿ’ ಎಂದು ತಾನೇ ನಕ್ಕಳು. ಉತ್ತರ ‘ಎಕ್ಸ್ = 7’. ಇಳಿಜಾರಿನ ಸುದ್ದಿಯೇ ಬೇಕಾಗಲಿಲ್ಲ.

ಇಳಕಲ್ ಸೀರೆಯನ್ನು ಬಲ್ಲವರಿಗೆ ಅದರ ಒಡಲಿಗೂ ಸೆರಗಿಗೂ ಬೇರೆಬೇರೆ ಹಾಸು ಇರುವುದು ಗೊತ್ತು. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ರೇಷ್ಮೆಯ ಎಳೆಗಳೊಡನೆ ಕೊಂಡಿ ಹಾಕಿ ಕೂಡಿಸುತ್ತಾರೆ. ‘ತೋಪ ತೆನಿ’ ಸೆರಗಿಗೆ ಹೆಸರಾದ ಈ ಊರಿನಲ್ಲಿ ಪ್ರತಿಯೊಂದು ಸೀರೆಗೂ ಹೀಗೆ ಹಾಸು ಸಿದ್ಧಪಡಿಸಬೇಕು. ಒಂದು ಎಳೆ ತನ್ನ ಜೊತೆಯ ಎಳೆಯನ್ನು ಬಿಟ್ಟು ಪಕ್ಕದ್ದಕ್ಕೆ ಸಿಕ್ಕಿಕೊಂಡರೆ ಅಲ್ಲಿಂದ ಮುಂದೆ ಎಳೆಗಳು ಓರೆಯಾಗುತ್ತವೆ. ಈ ಶಿಸ್ತಿನ ನಡುವೆ ಬೆಳೆದ ಮಗುವಿಗೆ ಸಮಾಂತರ ರೇಖೆ ತಿಳಿಯಲಿಲ್ಲವೆಂದರೆ ಕೊರತೆ ಯಾರದು?

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಓರೆಯ ರೇಖೆಗೊಂದು ವಿಧಾನ, ನೆಟ್ಟಗಿನ ರೇಖೆಗೊಂದು ವಿಧಾನವೆಂದು ಎರಡೆರಡನ್ನು ನೆನಪಿಡಬೇಕೆ? ಬೇಕಾಗಿಲ್ಲ. ಇದಕ್ಕೆ ದಾರಿ ತೋರಿಸಲು ಬಾಗಲಕೋಟೆಯ ಒಬ್ಬ ಗೌಂಡಿಯನ್ನು ಕರೆತರುತ್ತೇನೆ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಜಲಾಶಯದ ಮಟ್ಟ 519.6 ಮೀಟರಿಗೇರಿದಂತೆ ಹಿನ್ನೀರು ಹಳೆಯ ಬಾಗಲಕೋಟೆಯ ಬಹುಭಾಗವನ್ನು ನುಂಗಿತು. ತಲೆಮಾರುಗಳಿಂದ ಬಾಳಿದ ಓಣಿಗಳನ್ನು ಬಿಟ್ಟ ಜನ ನವನಗರದ ಸೆಕ್ಟರುಗಳಿಗೆ ಬಂದರು. ಹಳೆಯ ಊರಿನ ಓಣಿಗಳು ಅಂಕುಡೊಂಕು; ನವನಗರದ ರಸ್ತೆಗಳು ಅಳತೆಪಟ್ಟಿ ಇಟ್ಟು ಗೆರೆ ಎಳೆದಂಥವು. ಅಲ್ಲಿ ಮನೆಗಳು ಏಳುತ್ತಿದ್ದ ಕಾಲದಲ್ಲಿ, ಗೋಡೆಯ ಗುರುತು ಹಾಕುತ್ತಿದ್ದ ಒಬ್ಬ ಗೌಂಡಿಯನ್ನು ನಿಂತು ನೋಡಿದೆ. ರಸ್ತೆಯ ಅಂಚಿಗೆ ಒಂದು ದಾರ ಕಟ್ಟಿದ್ದ. ಮನೆಯ ಮುಂಗೋಡೆ ಹಾಯಬೇಕಾದ ಒಂದು ಜಾಗದಲ್ಲಿ ಗೂಟ ಹೊಡೆದಿದ್ದ. ಆ ಗೂಟದಿಂದ ರಸ್ತೆಯ ದಾರಕ್ಕೆ ಮೂಲೆಮಟ್ಟ ಹಿಡಿದು ಅಳೆದ. ಅಷ್ಟೇ ಅಳತೆಯನ್ನು ದಾರದ ಇನ್ನೊಂದು ತುದಿಯಿಂದ ಒಳಕ್ಕೆ ತಂದು ಎರಡನೆಯ ಗೂಟ ಹೊಡೆದ. ಎರಡು ಗೂಟಗಳ ನಡುವೆ ದಾರ ಬಿಗಿದ. ‘ಎರಡೂ ಕಡೆ ಅಳತಿ ಒಂದಾದ್ರ ಸಾಕ್ರಿ ಸರ’ ಎಂದ. ಮೂಲೆ ಸರಿಯಿದೆಯೇ ಎಂದು ನೋಡಲು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಅಡ್ಡಗರ್ಣ 5 ಅಡಿ ಬರುತ್ತದೆಯೇ ಎಂದು ಪರೀಕ್ಷಿಸಿದ.

ರಸ್ತೆ ಯಾವ ದಿಕ್ಕಿಗಿದೆ ಎಂಬ ಚಿಂತೆ ಗೌಂಡಿಗಿಲ್ಲ. ದಾರದಿಂದ ಎಷ್ಟು ದೂರ ಎಂಬುದಷ್ಟೇ ಅವನ ಲೆಕ್ಕ. ಬೀಜಗಣಿತದಲ್ಲಿಯೂ ಇದಕ್ಕೆ ಸರಿಹೊಂದುವ ಬರವಣಿಗೆಯಿದೆ. ‘3 ಎಕ್ಸ್ + 4 ವೈ = 12’ ಎಂಬ ರೇಖೆಯನ್ನು ತೆಗೆದುಕೊಳ್ಳಿ; ಬಿಂದು (2, 5). ಎಡಗಡೆಯ 3 ಮತ್ತು 4 ದಿಕ್ಕನ್ನು ಹಿಡಿದಿಟ್ಟಿವೆ, ಅವನ್ನು ಮುಟ್ಟಬೇಡಿ. ಬಿಂದುವನ್ನು ಎಡಗಡೆಗೆ ಹಾಕಿದರೆ 3 × 2 + 4 × 5 = 26. ಮುಗಿಯಿತು; ಬೇಕಾದ ರೇಖೆ ‘3 ಎಕ್ಸ್ + 4 ವೈ = 26’. ಇಳಿಜಾರು ಕಂಡುಹಿಡಿಯುವ ಗೋಜೇ ಇಲ್ಲ. ನೆಟ್ಟಗಿನ ರೇಖೆಗೂ ಇದೇ ವಿಧಾನ ಸಾಕು: ‘ಎಕ್ಸ್ = 4’ ಎಂಬಲ್ಲಿ ಎಡಗಡೆಯಿರುವುದು ಎಕ್ಸ್ ಒಂದೇ; ಅದಕ್ಕೆ 7 ಹಾಕಿದರೆ ಬಲಗಡೆ 7 ಬರುತ್ತದೆ. ಇನ್ನು ಎರಡು ದಾರಗಳ ನಡುವಿನ ಅಂತರವೂ ಕೈಗೆ ಸಿಗುತ್ತದೆ. 26ರಲ್ಲಿ 12 ಕಳೆದರೆ 14. ಅದನ್ನು 5ರಿಂದ ಭಾಗಿಸಿದರೆ 2.8. ಆ 5 ಎಲ್ಲಿಂದ ಬಂತು? 3, 4, 5 — ಗೌಂಡಿಯ ಮೂಲೆಯಿಂದಲೇ ಬಂತು. ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಇಪ್ಪತ್ತೈದು. ಅದರ ವರ್ಗಮೂಲ ಐದು. ಎಡಗಡೆಯ ಸಂಖ್ಯೆಗಳು ಬೇರೆಯಾದರೆ ಈ ಭಾಜಕವೂ ಇದೇ ಬಗೆಯಲ್ಲಿ ಬೇರೆಯಾಗುತ್ತದೆ.

ಮುಳುಗಡೆಯ ಊರಿನಿಂದ ಬಂದ ಮಕ್ಕಳಿಗೆ ನವನಗರದಲ್ಲಿ ಈ ಪಾಠ ಮಾಡುವಾಗ ನಾನು ಅವರನ್ನು ಹೊರಗೆ ಕರೆದೊಯ್ದು ರಸ್ತೆಯಂಚಿನಲ್ಲಿ ದಾರ ಕಟ್ಟಿಸುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಗೂಟವನ್ನು ರಸ್ತೆಯ ದಾರದ ಮೇಲೆಯೇ ಹೊಡೆದು, ‘ಈಗ?’ ಎಂದ. ಲೆಕ್ಕ ಮಾಡಿಸಿದೆ. ‘ವೈ = 2 ಎಕ್ಸ್ + 3’ ರೇಖೆಯ ಮೇಲೆಯೇ ಇರುವ (2, 7) ಬಿಂದುವನ್ನು ಹಾಕಿದರೆ ಖಾಲಿ ಜಾಗದಲ್ಲಿ ಮತ್ತೆ 3 ಬರುತ್ತದೆ; ಹಳೆಯ ರೇಖೆಯೇ ಮರಳಿ ಬರುತ್ತದೆ. ಮಕ್ಕಳು ತಪ್ಪಾಯಿತೆಂದು ಉತ್ತರ ಹೊಡೆದುಹಾಕುವುದು ಇಲ್ಲಿಯೇ. ತಪ್ಪಾಗಿರುವುದಿಲ್ಲ. ಹೊಸ ರೇಖೆ ಬೇಕಾದರೆ ಬಿಂದು ಹೊರಗಿರಬೇಕು ಎಂಬುದನ್ನು ಲೆಕ್ಕ ತಾನಾಗಿಯೇ ಹೇಳುತ್ತಿರುತ್ತದೆ.

ಬಿಂದು ಹೊರಗಿದ್ದರೆ ಅದರ ಮೂಲಕ ಎಷ್ಟು ಸಮಾಂತರ ರೇಖೆಗಳನ್ನು ಎಳೆಯಬಹುದು? ಒಂದೇ ಒಂದು. ಇದು ಇಷ್ಟು ಸಹಜವಾಗಿ ತೋರುತ್ತದೆಂದರೆ ಯಾರೂ ಏಕೆ ಎಂದು ಕೇಳುವುದಿಲ್ಲ. ಯೂಕ್ಲಿಡನ ಐದನೆಯ ಆಧಾರ ಪ್ರತಿಜ್ಞೆಗೆ ಸಮಾನವಾದ ಈ ಮಾತನ್ನು ಇಂದು ನಾವು ಸ್ಕಾಟ್ಲೆಂಡಿನ ಗಣಿತಜ್ಞ ಜಾನ್ ಪ್ಲೇಫೇರ್‌ನ ಹೆಸರಿನಿಂದ ಕರೆಯುತ್ತೇವೆ; ಅವನ ರೇಖಾಗಣಿತದ ಪುಸ್ತಕ 1795ರಲ್ಲಿ ಬಂತು. ಮುಂದೆ 1829ರಲ್ಲಿ ರಷ್ಯದ ಲೊಬಚೆವ್‌ಸ್ಕಿ, 1832ರಲ್ಲಿ ಹಂಗೆರಿಯ ಬೊಲ್ಯೈ, ಒಂದಕ್ಕಿಂತ ಹೆಚ್ಚು ಸಮಾಂತರ ರೇಖೆಗಳಿರುವ ರೇಖಾಗಣಿತವೂ ಸಾಧ್ಯವೆಂದು ತೋರಿಸಿದರು. ನಮ್ಮ ಹೊಲ, ಮಗ್ಗ, ಮನೆಗಳ ಸಮತಟ್ಟಾದ ಲೋಕದಲ್ಲಿ ಮಾತ್ರ ಪ್ಲೇಫೇರ್‌ನ ಮಾತೇ ಸಾಕು.

ಪ್ಲೇಫೇರ್‌ನನ್ನು ನಾನು ಮಕ್ಕಳಿಗೆ ಪರಿಚಯಿಸುತ್ತಿದ್ದದ್ದು ಬಾದಾಮಿಯಲ್ಲಿ. ಶಕವರ್ಷ 500, ಅಂದರೆ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ನೋಡಿ ಹೊರಬಂದ ಮೇಲೆ ಕೆರೆಯಾಚೆಯ ಬಂಡೆಗಳತ್ತ ನೋಡಲು ಹೇಳುತ್ತಿದ್ದೆ. ಕೆಂಪು ಮರಳುಗಲ್ಲು ಪದರಪದರವಾಗಿ, ಸ್ಥೂಲವಾಗಿ ಅಡ್ಡಡ್ಡ ಮಲಗಿದೆ. ಬಂಡೆಯ ಮೇಲೆ ಯಾವುದಾದರೊಂದು ಕಡೆ ಬೆರಳಿಟ್ಟರೆ ಆ ಬೆರಳಿನಡಿ ಹಾಯುವ ಪದರ ಒಂದೇ. ಆದರೆ ಬಾಗಲಕೋಟೆಯ ಹೆಸರನ್ನೇ ಹೊತ್ತ, ನೂರು ಕೋಟಿ ವರ್ಷಗಳಿಗೂ ಹಳೆಯದಾದ ಕೆಳಗಿನ ಶಿಲಾಸಮೂಹದ ಪದರಗಳು ಮಡಿಚಿ ಓರೆಯಾಗಿವೆ. ಅವುಗಳ ಮೇಲೆ ಬಾದಾಮಿಯ ಪದರಗಳು ಅಡ್ಡ ಕುಳಿತಿವೆ. ಎರಡೂ ಸಮಾಂತರವಲ್ಲ. ನಡುವೆ ಭೂಮಿ ಮಡಿಚಿ, ಎದ್ದು, ಸವೆದು ಹೋಗಲು ಹಿಡಿದ ಅಪಾರ ಕಾಲ ಆ ಕೋನದಲ್ಲಿ ಅಡಗಿದೆ. ಇಂಥದೇ ಒಂದು ದೃಶ್ಯವನ್ನು ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬ ಕಡಲತಡಿಯಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ಕಂಡಾಗ ಅವನೊಡನೆ ದೋಣಿಯಲ್ಲಿದ್ದವನು ಇದೇ ಪ್ಲೇಫೇರ್. ಯಾವುದು ಸಮಾಂತರ, ಯಾವುದು ಅಲ್ಲ ಎಂದು ಗಮನಿಸುವ ಕಣ್ಣಿಗೆ ಭೂಮಿಯ ವಯಸ್ಸೇ ತೆರೆದುಕೊಂಡಿತು.

ಆ ಹುಡುಗಿ ಮರುಪರೀಕ್ಷೆ ಬರೆದು ತೇರ್ಗಡೆಯಾದಳು, ಕಾಲೇಜಿಗೆ ಮರಳಿದಳು. ಇದನ್ನು ನನ್ನ ಸಾಧನೆಯೆಂದು ಹೇಳಿಕೊಳ್ಳುವ ಹಾಗಿಲ್ಲ. ಅದೇ ವರ್ಷ ಅದೇ ತರಗತಿಯಲ್ಲಿ ಗಣಿತದಲ್ಲಿ ಅನುತ್ತೀರ್ಣರಾಗಿ ಓದು ಬಿಟ್ಟವರು ಇನ್ನೂ ಮೂವರಿದ್ದರು. ಅವರ ಮನೆಗಳಿಗೆ ನಾನು ಹೋಗಲಿಲ್ಲ. ಅವರ ಅಪ್ಪಂದಿರು ಕೂರಿಗೆ ಹಿಡಿಯುತ್ತಿದ್ದರೋ, ಮಗ್ಗ ನಡೆಸುತ್ತಿದ್ದರೋ, ಗ್ರಾನೈಟ್ ಕಲ್ಲಿನ ಕೆಲಸಕ್ಕೆ ಹೋಗುತ್ತಿದ್ದರೋ ನನಗೆ ತಿಳಿಯದು. ಅವರು ಏನನ್ನು ಬಲ್ಲವರಾಗಿದ್ದರು ಎಂದು ನಾನು ವಿಚಾರಿಸಲೇ ಇಲ್ಲ.

ಈಗಿನ ಉಪನ್ಯಾಸಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಈ ಪಾಠ ಆರಂಭಿಸುವ ದಿನ ‘ಸ್ಲೋಪ್’ ಎಂದು ಬರೆಯುವ ಮೊದಲು ಪಕ್ಕದಲ್ಲಿ ‘ಇಳಿಜಾರು’ ಎಂದು ಬರೆಯಿರಿ. ಇಂಗ್ಲಿಷ್ ಮಾಧ್ಯಮಕ್ಕೆ ಅದರಿಂದ ಯಾವ ಊನವೂ ಬರುವುದಿಲ್ಲ. ಸೂತ್ರ ಕೊಡುವ ಮೊದಲು ‘ಇಲ್ಲಿ ಯಾವುದು ಹಾಗೆಯೇ ಇರಬೇಕು, ಯಾವುದು ಬದಲಾಗಬೇಕು?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತು, ನೆಟ್ಟಗಿನ ರೇಖೆಗೆ ಇಳಿಜಾರು ಎಷ್ಟೆಂದು ಬರೆಯಬೇಕು ಎಂದು ಕೇಳಿದರೆ, ಸಿಲೆಬಸ್ಸು ಒಂದು ದಿನ ತಡವಾಗಲಿ.